ತುಟಿಮಾತಿನವರು

ಮಗ್ಗದ ಶೆಡ್ಡಿನ ಹೆಂಗಸರ ಜೊತೆ ಜಗಳಕ್ಕೆ ಇಳಿಯಬಾರದು ಅಂತ ಆ ಊರಿನಲ್ಲಿ ಒಂದು ಮಾತಿತ್ತು. ನಾವು ಬೈದದ್ದು ಅವರಿಗೆ ಕೇಳುವುದಿಲ್ಲ, ಅವರು ಬೈದದ್ದು ಇಡೀ ಬೀದಿಗೆ ಕೇಳುತ್ತದೆ.

ಮಾತು ತಮಾಷೆಯದೇ, ಆದರೆ ಅದರ ಹಿಂದಿದ್ದದ್ದು ತಮಾಷೆಯಲ್ಲ. ಬಟ್ಟೆ ಮಿಲ್ಲಿನಲ್ಲಿ ನೂರಾರು ಮಗ್ಗಗಳು ಒಂದೇ ತಗಡಿನ ಸೂರಿನಡಿ ಬೆಳಗಿನಿಂದ ಬೈಗಿನವರೆಗೆ ಬಡಿದುಕೊಳ್ಳುತ್ತಿದ್ದವು. ಅಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳದು. ಹಾಗಾಗಿ ಹೆಂಗಸರು ಸದ್ದು ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಬಾಯಿ ಅಗಲಿಸಿ, ಹುಬ್ಬು ಕುಣಿಸಿ, ಶೆಡ್ಡಿನ ಆ ತುದಿಯಿಂದ ಈ ತುದಿಗೆ. ಯಾರು ಬಸುರಿ, ಯಾರ ಗಂಡ ಕುಡಿದು ಬಂದ, ಮ್ಯಾನೇಜರು ಯಾರನ್ನು ನೋಡಿ ಹಲ್ಲು ಕಿರಿದ, ಎಲ್ಲವೂ ಆ ಮ್ಯಾನೇಜರನ ಮೂಗಿನ ಕೆಳಗೇ ಓಡಾಡುತ್ತಿತ್ತು. ಆ ಪುಣ್ಯಾತ್ಮನಿಗೆ ಮಾತ್ರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಇದಕ್ಕೆ ಅವರು ತುಟಿಮಾತು ಅನ್ನುತ್ತಿದ್ದರು. ತುಟಿಮಾತಿನಲ್ಲಿ ಸುಳ್ಳು ನಿಲ್ಲುವುದಿಲ್ಲ ಅಂತ ಅವರ ನಂಬಿಕೆ. ಇಡೀ ಮುಖವೇ ಮಾತಾಡುವಾಗ ಸುಳ್ಳು ಎಲ್ಲಿ ಅಡಗೀತು?

ಡಂಗುರದಕ್ಕ ಹದಿನೆಂಟರ ಹರೆಯದಲ್ಲಿ ಆ ಶೆಡ್ಡಿಗೆ ಸೇರಿದವಳು. ಈಗ ತಲೆ ಅರ್ಧ ನರೆತಿತ್ತು. ಮಿಲ್ಲಿನ ಹೊರಗೆ ಅವಳ ದನಿ ಅವಳ ಹಿಡಿತದಲ್ಲಿ ಇರಲಿಲ್ಲ, ಅದಕ್ಕೇ ಆ ಹೆಸರು. ಒಲೆ ಮೇಲೆ ಹಾಲು ಉಕ್ತಿದೆ ಅಂತ ಮನೆಯಲ್ಲಿ ಹೇಳಿದರೆ ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಒಲೆಯ ಹತ್ತಿರ ಓಡುತ್ತಿದ್ದರು. ಗಂಡ ಅದೇ ಮಿಲ್ಲಿನ ಬಾಯ್ಲರಿನವನು. ಹಬೆಗೆ ಕಾಲು ಬೆಂದು ಮಂಚ ಹಿಡಿದಿದ್ದ. ಅವನ ತಂಗಿ, ಅಂದರೆ ಇವಳ ನಾದಿನಿ, ಇವಳ ಪಕ್ಕದ ಮಗ್ಗದವಳು, ಇವಳ ಮನೆಯಲ್ಲೇ ಇದ್ದಳು. ಲೋಕದಲ್ಲೆಲ್ಲ ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ. ಇವರಿಬ್ಬರು ಮಾತ್ರ ಮಂಚದ ಆಚೆ ಈಚೆ ಕೂತು ತುಟಿಯಲ್ಲೇ ಮಾತಾಡಿಕೊಂಡು ನಗುತ್ತಿದ್ದರು. ನಡುವೆ ಮಲಗಿದವನು, "ನನ್ನ ಮನೇಲಿ ನನಗೇ ಗುಟ್ಟಾ?" ಅಂತ ಸಿಡುಕುತ್ತಿದ್ದ.

ಮಿಲ್ಲು ಮುಚ್ಚಿತು. ಊರು ಒಮ್ಮೆಲೇ ನಿಶ್ಶಬ್ದವಾಯಿತು ಅಂತ ಜನ ಹೇಳಿಕೊಂಡರು. ಶೆಡ್ಡಿನ ಹೆಂಗಸರಿಗೆ ಆ ನಿಶ್ಶಬ್ದ ಹೊಸದಾಗಿರಲಿಲ್ಲ. ಅವರಿಗೆ ವಿಷಯ ಗೊತ್ತಾದದ್ದು ಹೊಟ್ಟೆಯ ಕಡೆಯಿಂದ.

ನಗರಸಭೆ ಸುಮ್ಮನೆ ಕೂರಲಿಲ್ಲ ಅಂತ ಹೇಳಲೇಬೇಕು. ಹೇಳದಿದ್ದರೆ ಅಧ್ಯಕ್ಷರೇ ಬಂದು ಹೇಳಿಯಾರು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ಯೋಜನೆಯೊಂದು ಶುರುವಾಯಿತು. ನಗರಸಭೆಯ ಆಸ್ಪತ್ರೆಯಲ್ಲಿ ವಾರ್ಡಿನ ಆಯಾಗಳು ಸಾಲದೆ ರೋಗಿಗಳು ಒದ್ದೆ ಹಾಸಿಗೆಯಲ್ಲಿ ಮಲಗುವ ಹಾಗಾಗಿತ್ತು. ಇತ್ತ ಕೆಲಸವಿಲ್ಲದ ಹೆಂಗಸರು, ಅತ್ತ ಹೆಂಗಸರಿಲ್ಲದ ಕೆಲಸ. ಗಂಟು ಹಾಕಿದರೆ ಮುಗಿಯಿತು. ಮದುವೆಯ ದಲ್ಲಾಳಿ ಕೂಡ ಇಷ್ಟು ಬೇಗ ಜೋಡಿ ಕೂಡಿಸಿರಲಿಕ್ಕಿಲ್ಲ. ಆದರೆ ದಲ್ಲಾಳಿಯಾದವನು ಹುಡುಗಿಯ ಕಣ್ಣು ಕಿವಿ ಸರಿಯಿದೆಯಾ ಅಂತ ಮೊದಲೇ ವಿಚಾರಿಸುತ್ತಾನೆ. ನಗರಸಭೆಗೆ ಅದು ನೆನಪಾದದ್ದು ಕೊನೆಗೆ.

ತರಬೇತಿ ನಡೆದದ್ದು ನಗರಸಭೆಯ ಸಭಾಂಗಣದ ಹಿಂದಿನ ಕೋಣೆಯಲ್ಲಿ. ಕಾಲು ಮುರಿದ ಕುರ್ಚಿಗಳನ್ನು ಮೂಲೆಗೆ ತಳ್ಳಿ ಒಂದು ಕಬ್ಬಿಣದ ಮಂಚ ಹಾಕಿದ್ದರು. ಅದರ ಮೇಲೆ ಬಟ್ಟೆಯಲ್ಲಿ ಮಾಡಿದ ಮನುಷ್ಯನೊಬ್ಬ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ರೋಗಿ ಮಲಗಿರುವಾಗಲೇ ಹಾಸಿಗೆಯ ಬಟ್ಟೆ ತೆಗೆಯುವುದು, ಎಲ್ಲ ಅವನ ಮೇಲೇ ಕಲಿಯಬೇಕು. ಏನೂ ಮಾಡದೆ ಮಲಗಿದಲ್ಲೇ ಸೇವೆ ಮಾಡಿಸಿಕೊಳ್ಳುವ ಆ ಬೊಂಬೆಗೆ ನಾದಿನಿ ಮೊದಲ ದಿನವೇ 'ಅಳಿಯ' ಅಂತ ಹೆಸರಿಟ್ಟಳು.

ಪಾಠ ಹೇಳಿದ್ದು ನಿವೃತ್ತಿಯಾದ ಒಬ್ಬ ದಾದಿಯಮ್ಮ. ಒಂದೊಂದು ಮಾತನ್ನೂ ಹಲ್ಲಿನಿಂದ ಕಚ್ಚಿ ತುಂಡು ಮಾಡಿ ಕೊಡುವ ಹಾಗೆ ಹೇಳುತ್ತಿದ್ದರು. ಹೆಂಗಸರು ರೆಪ್ಪೆ ಬಡಿಯದೆ ಅವರ ಬಾಯಿ ನೋಡುತ್ತಿದ್ದರು.

"ಇಷ್ಟು ಗಮನ ಇಟ್ಟು ಪಾಠ ಕೇಳೋರನ್ನ ನಾನು ನೋಡೇ ಇಲ್ಲ" ಅಂತ ದಾದಿಯಮ್ಮ ತರಬೇತಿ ಸಾಹೇಬನಿಗೆ ಹೇಳಿದರು. ಆಕೆ ಬೋರ್ಡಿನ ಕಡೆ ತಿರುಗಿ ಹೇಳಿದ್ದೆಲ್ಲ ಬೋರ್ಡಿಗೇ ಸೇರಿತು ಅನ್ನುವುದು ಆಕೆಗೆ ಗೊತ್ತಾಗಲಿಲ್ಲ.

ಸಾಹೇಬನಿಗೆ ಗೊತ್ತಾಗಿತ್ತು. ಅವನು ನಗರಸಭೆಯ ನೌಕರ, ಕೆಟ್ಟವನೇನಲ್ಲ. ಹೆಂಗಸರಿಗೆ ಟೀ ತರಿಸಿ ಕೊಡುತ್ತಿದ್ದ, ತನ್ನ ಕುರ್ಚಿ ಬಿಟ್ಟು ಕೂರಿಸುತ್ತಿದ್ದ. ಆದರೆ ಮೇಲಿನವರು ಅವನನ್ನು ಕೇಳುತ್ತಿದ್ದದ್ದು ಒಂದೇ: ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು? ಎಷ್ಟು ಜನಕ್ಕೆ ಕಿವಿ ಕೇಳುತ್ತದೆ ಅಂತ ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಸರ್ಕಾರಿ ನೌಕರ ಇನ್ನೂ ಹುಟ್ಟಿಲ್ಲ.

ತರಬೇತಿಯ ಕೊನೆಗೆ ಆಸ್ಪತ್ರೆಯಿಂದ ಕಿವಿ ಪರೀಕ್ಷೆ ಮಾಡುವವನೊಬ್ಬ ಬಂದ. ಡಂಗುರದಕ್ಕನನ್ನು ಬಾಗಿಲಿನ ಕಡೆ ಮುಖ ಮಾಡಿಸಿ ಕುರ್ಚಿಯಲ್ಲಿ ಕೂರಿಸಿ, ತಾನು ಅವಳ ಬೆನ್ನ ಹಿಂದೆ ನಿಂತು ಒಂದೊಂದೇ ಪದ ಹೇಳಿದ. ಅವಳು ಅದನ್ನೇ ತಿರುಗಿ ಹೇಳಬೇಕು. ಮನೆಯಲ್ಲಿ ಮಂಚ ಹಿಡಿದವನ ಮುಖ ಕಣ್ಣಮುಂದೆ ಬಂತು. ಬಾಗಿಲಲ್ಲಿ ನಾದಿನಿ ತನ್ನ ಸರದಿ ಕಾಯುತ್ತ ನಿಂತಿದ್ದಳು. ಪರೀಕ್ಷೆಯವನ ಬಾಯಿ ಅವಳಿಗೆ ನೇರ ಕಾಣುತ್ತಿತ್ತು, ಅವನ ಕಣ್ಣು ಮಾತ್ರ ಕೈಯಲ್ಲಿದ್ದ ಪದಗಳ ಪಟ್ಟಿಯ ಮೇಲಿತ್ತು. ಅವನ ತುಟಿಯಿಂದ ಅವಳ ತುಟಿಗೆ, ಅವಳ ತುಟಿಯಿಂದ ಅತ್ತಿಗೆಯ ಕಣ್ಣಿಗೆ ಮಾತು ದಾಟಿ ಬಂತು.

"ಮರ!" ಅಂದಳು ಡಂಗುರದಕ್ಕ.

ಪರೀಕ್ಷೆಯವನು ಬೆಚ್ಚಿ ಹಿಂದೆ ಸರಿದ. "ಇಷ್ಟು ಜೋರಾಗಿ ಬೇಡಮ್ಮ, ನನಗೆ ಕಿವಿ ಕೇಳಿಸುತ್ತೆ."

ಹೀಗೆ ಒಬ್ಬಳಿಗೆ ಇನ್ನೊಬ್ಬಳು ಕಿವಿಯಾಗಿ ಎಲ್ಲರೂ ಪಾಸಾದರು. ಸಾಹೇಬ ಅಲ್ಲೇ ಇದ್ದ. ಎರಡನೆಯವಳ ಸರದಿಗೇ ಅವನಿಗೆ ಎಲ್ಲ ಅರ್ಥವಾಗಿ, ಕಿಟಕಿಯ ಹತ್ತಿರ ಹೋಗಿ ಹೊರಗೆ ಬೀದಿ ನೋಡುತ್ತ ನಿಂತುಬಿಟ್ಟ. ಸಂಜೆ ಹೊರಡುವಾಗ ಡಂಗುರದಕ್ಕನ ಮುಂದೆ ಬಂದು, "ಹುಷಾರಮ್ಮ. ನಾನೇನೂ ನೋಡಿಲ್ಲ" ಅಂದ. ಅವಳು ಕೈ ಮುಗಿದಳು. ಆ ಹೊತ್ತಿಗೆ ಅವನು ದೇವರ ಹಾಗೆ ಕಂಡ.

ಆಸ್ಪತ್ರೆಗೆ ಹೋದ ಮೊದಲ ದಿನವೇ ಅವಳ ಜೀವ ಬಾಯಿಗೆ ಬಂತು. ಅಲ್ಲಿ ಎಲ್ಲರ ಮುಖಕ್ಕೂ ಮಾಸ್ಕು. ಡಾಕ್ಟರಿಗೆ, ಸಿಸ್ಟರಿಗೆ, ನೆಲ ಒರೆಸುವವನಿಗೆ ಕೂಡ. ಬರೀ ಕಣ್ಣುಗಳು ಓಡಾಡುತ್ತಿದ್ದವು, ಬಾಯಿ ಇದ್ದಲ್ಲಿ ಬಟ್ಟೆ. ಜೀವಮಾನವೆಲ್ಲ ಬಟ್ಟೆ ನೇಯ್ದವಳಿಗೆ ಅಂಗೈ ಅಗಲದ ಬಟ್ಟೆಯೇ ಅಡ್ಡ ಬಂತು. ಆದರೂ ಅವಳು ಕೈಬಿಡಲಿಲ್ಲ. ಹಿರಿಯ ಸಿಸ್ಟರಿನ ಕಣ್ಣು ಯಾವ ಹಾಸಿಗೆಯ ಕಡೆ ಹೋಗುತ್ತದೆ, ಕೈ ಏನನ್ನು ತೋರಿಸುತ್ತದೆ ಅಂತ ನೋಡಿ, ಹೇಳುವ ಮೊದಲೇ ಕೆಲಸ ಮಾಡಿ ಮುಗಿಸುತ್ತಿದ್ದಳು. ಮತ್ತೆ ಶೆಡ್ಡಿನಲ್ಲಿ ಕಲಿತ ಒಂದು ಪಾಠ ಇತ್ತು. ಅವಳಿಗೂ ನಾದಿನಿಗೂ ಮಗ್ಗ ಹಿಡಿಯುವುದನ್ನು ಹೇಳಿಕೊಟ್ಟ ಮುದುಕ ಮೇಸ್ತ್ರಿ ದಿನವೂ ಹೇಳುತ್ತಿದ್ದದ್ದು: "ಇಲ್ಲಿ ಯಾರೂ ಕೂಗಿ ಕರೆಯಲ್ಲ. ಹತ್ತು ಸಲ ಕೈ ಆಡಿದರೆ ಒಂದು ಸಲ ಕತ್ತು ಆಡಲಿ." ಮಗ್ಗದ ಮುಂದೆ ನಿಂತವರು ಆಗಾಗ ಕತ್ತು ತಿರುಗಿಸಿ ಸುತ್ತ ನೋಡಬೇಕು, ಯಾರದೋ ಕೈ ಎದ್ದಿರಬಹುದು, ಯಾರದೋ ಸೆರಗು ಸಿಕ್ಕಿರಬಹುದು. ವಾರ್ಡಿನಲ್ಲೂ ಅವಳು ಹಾಗೇ ಮಾಡಿದಳು. ಇಂಥ ಕಣ್ಣಿರೋ ಆಯಾ ಸಿಗಲ್ಲ ಅಂತ ಹಿರಿಯ ಸಿಸ್ಟರ್ ಹೊಗಳಿದರು. ಹಾಗಂತ ಅವಳಿಗೆ ಹೇಳಿದ್ದು ಮಾಸ್ಕು ಇಲ್ಲದ ರೋಗಿಯೊಬ್ಬ.

ನಾದಿನಿಗೆ ಹೆರಿಗೆ ವಾರ್ಡು, ಇವಳಿಗೆ ಎದೆ ರೋಗದ ಗಂಡಸರ ವಾರ್ಡು. ಅಲ್ಲಿಗೇ ಒಂದು ದಿನ ಮೇಸ್ತ್ರಿಯನ್ನು ತಂದು ಮಲಗಿಸಿದರು.

ಹತ್ತಿಯ ಧೂಳು ಅವನ ಶ್ವಾಸಕೋಶ ತಿಂದುಹಾಕಿತ್ತು. ಮೂಗಿಗೆ ಆಕ್ಸಿಜನ್ ಪೈಪು. ದನಿ ಹೊರಡಿಸುವಷ್ಟು ಉಸಿರಿರಲಿಲ್ಲ. ಸುಮ್ಮನೆ ಬಾಯಿ ಆಡಿಸುತ್ತಾನೆ, ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ವಾರ್ಡಿನವರು ಅಂದುಕೊಂಡಿದ್ದರು. ಡಂಗುರದಕ್ಕ ಹಾಸಿಗೆಯ ಬುಡದಲ್ಲಿ ನಿಂತ ಕೂಡಲೇ ಅವನ ತುಟಿ, "ಏನೇ ಡಂಗುರ, ಇಲ್ಲೂ ಬಂದೆಯಾ ನನ್ನ ಹಿಂದೆ?" ಅಂದಿತು. ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಮಾಸ್ಕು ಕೆಳಗೆ ಎಳೆದು, "ಮಗ್ಗ ನಿಂತಿದೆ ಅಣ್ಣ, ಮೇಸ್ತ್ರಿ ಎಲ್ಲಿ ಹೋದ ಅಂತ ಹುಡುಕ್ಕೊಂಡು ಬಂದೆ" ಅಂದಳು, ತುಟಿಯಲ್ಲೇ.

ಆಮೇಲಿನ ದಿನಗಳಲ್ಲಿ ಅವಳಿಗೆ ಕೆಲಸಕ್ಕೆ ಹೋಗುವುದೆಂದರೆ ಒಂದು ಸಂತೋಷವಾಯಿತು. ಅವನಿಗೆ ನೀರು ಬೇಕೋ ದಿಂಬು ಬೇಕೋ, ಅವಳಿಗೆ ತಿಳಿಯುತ್ತಿತ್ತು. ಕಿವಿ ಪರೀಕ್ಷೆ ಪಾಸಾದ ಕತೆ ಹೇಳಿದಾಗ ಮುದುಕ ನಕ್ಕು ನಕ್ಕು ಕೆಮ್ಮು ಹತ್ತಿ, ಸಿಸ್ಟರ್ ಓಡಿ ಬರಬೇಕಾಯಿತು. ಕೆಮ್ಮು ನಿಂತ ಮೇಲೆ ಅವನ ಮುಖ ಗಂಭೀರವಾಯಿತು.

"ಇಲ್ಲಿ ಬೆನ್ನು ತಿರುಗಿಸಬೇಡ ಕಣೇ. ಇದು ನೂಲು ಅಲ್ಲ, ಹರಿದರೆ ಗಂಟು ಹಾಕೋಕೆ."

ಬೆನ್ನು ತಿರುಗಿಸದೆ ಯಾವ ಆಯಾ ಕೆಲಸ ಮಾಡಿಯಾಳು? ಅವತ್ತು ಮಧ್ಯಾಹ್ನ, ರೋಗಿಗಳನ್ನು ನೋಡಲು ಬಂದವರು ಇನ್ನೂ ಇದ್ದ ಹೊತ್ತು, ಕಿಟಕಿಯ ಪಕ್ಕದ ರೋಗಿ ಹಾಸಿಗೆ ಕೆಡಿಸಿಕೊಂಡ. ಭಾರಿ ಆಳು. ಅವನನ್ನು ಗೋಡೆಯ ಕಡೆ ಹೊರಳಿಸಿ, ಒಂದು ಕೈಯಲ್ಲಿ ಬೆನ್ನಿಗೆ ಆನಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಒರೆಸಬೇಕು. ಕೈ ಸಡಿಲಿಸಿದರೆ ಅವನು ಮತ್ತೆ ಅದರ ಮೇಲೇ ಹೊರಳುತ್ತಾನೆ. ಕತ್ತು ತಿರುಗಿಸುವುದಕ್ಕೆ ಆಗಲಿಲ್ಲ. ಇದೊಂದು ಮುಗಿದುಬಿಡಲಿ, ಆಮೇಲೆ ನೋಡಿದರಾಯಿತು ಅಂದುಕೊಂಡಳು.

ಯಾರೋ ಭುಜ ಹಿಡಿದು ಎಳೆದಾಗ ಅವಳು ತಿರುಗಿದಳು. ಯಾವುದೋ ರೋಗಿಯನ್ನು ನೋಡಲು ಬಂದ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿದ್ದಳು. ಅವಳ ಹಿಂದೆ, ನೆಲದ ಮೇಲೆ, ಸ್ಟೀಲಿನ ಟ್ರೇ ಕವುಚಿ ಬಿದ್ದಿತ್ತು. ಅದರ ಹಿಂದೆ, ಹಾಸಿಗೆಯಲ್ಲಿ, ಮೇಸ್ತ್ರಿ. ಪೈಪು ಮೂಗಿನಿಂದ ಜಾರಿ ದಿಂಬಿನ ಕೆಳಗೆ ಸಿಕ್ಕಿತ್ತು. ಮುಖ ನೀಲಿಗಟ್ಟಿತ್ತು. ಒಂದು ಕೈ ಮೇಲೆತ್ತಿ, ಶೆಡ್ಡಿನಲ್ಲಿ ಎತ್ತುತ್ತಿದ್ದ ಹಾಗೇ ಅಂಗೈ ಬಿಡಿಸಿ, ಅವಳ ಬೆನ್ನನ್ನೇ ನೋಡುತ್ತಿದ್ದ. ಅವಳು ನೋಡುತ್ತಿದ್ದಂತೆ ಅವನ ತುಟಿ ಇನ್ನೊಂದು ಸಲ "ಡಂಗುರ" ಅಂದಿತು. ಆಮೇಲೆ ಕೈ ಕೆಳಗಿಳಿಯಿತು. ಡಾಕ್ಟರು ಬಂದು ಎದೆ ಒತ್ತಿದರು, ಉಪಯೋಗವಾಗಲಿಲ್ಲ.

ಸಿಸ್ಟರನ್ನು ಕರೆಯುವ ಗಂಟೆಯ ಗುಂಡಿ ಅವನ ಇನ್ನೊಂದು ಕೈಯ ಪಕ್ಕದಲ್ಲೇ ಇತ್ತು. ಅದನ್ನು ಒತ್ತಿದ್ದರೆ ಹೊರಗಿನ ಮೇಜಿನಲ್ಲಿದ್ದ ಸಿಸ್ಟರ್ ಓಡಿ ಬರುತ್ತಿದ್ದರು. ಅವನು ಒತ್ತಲಿಲ್ಲ. ಜೀವಮಾನವೆಲ್ಲ ಗಂಟೆ ಕೇಳದ ಜಾಗದಲ್ಲಿ ಕಳೆದವನಿಗೆ ಅದು ಹೊಳೆಯಲೇ ಇಲ್ಲವೋ? ಗಂಟೆ ಹೊಡೆದೂ ಇವಳು ತಿರುಗದಿದ್ದರೆ ಇವಳ ಗುಟ್ಟು ಬಯಲಾದೀತು ಅಂತ ಕೈ ಹಿಂದೆಗೆದನೋ? ಇದನ್ನು ಅವಳು ಯಾರನ್ನು ಕೇಳಬೇಕು! ಮೊದಲನೆಯದು ನಿಜವಾಗಿರಲಿ ಅಂತ ಅವಳು ದಿನವೂ ಬೇಡಿಕೊಂಡಳು. ಎರಡನೆಯದಾದರೆ ಅದನ್ನು ಹೊತ್ತುಕೊಂಡು ಬದುಕುವ ಶಕ್ತಿ ತನಗಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಅರಚಿದ ಹೆಂಗಸು ದೂರು ಕೊಟ್ಟಳು. ಕಿವುಡಿಯನ್ನು ಆಯಾ ಮಾಡಿದವರು ಯಾರು ಅಂತ ಊರು ಕೇಳಿತು. ಅವಳನ್ನು ಕಿವುಡಿ ಮಾಡಿದವರು ಯಾರು ಅಂತ ಯಾರೂ ಕೇಳಲಿಲ್ಲ. ನಗರಸಭೆಯಲ್ಲಿ ವಿಚಾರಣೆ ಅಂತಾಯಿತು.

ವಿಚಾರಣೆಯ ಹಿಂದಿನ ದಿನ ತರಬೇತಿ ಸಾಹೇಬ ಅವಳ ಮನೆಗೆ ಬಂದ. ನಾದಿನಿ ಕೆಲಸಕ್ಕೆ ಹೋಗಿದ್ದಳು. ಮಂಚದ ಮೇಲೆ ಗಂಡ ಎಚ್ಚರವಾಗಿದ್ದ. ಸಾಹೇಬ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ಗಂಡನಿಗೆ ಕೇಳಬಾರದು ಅಂತ ದನಿ ತೆಗೆಯದೆ ತುಟಿ ಆಡಿಸಿದ. ಇಷ್ಟು ದಿನ ಇವರ ಜೊತೆಗಿದ್ದು ಅಷ್ಟನ್ನು ಕಲಿತಿದ್ದ.

"ನೀನೊಬ್ಬಳೇ ಮೋಸ ಮಾಡಿ ಪಾಸಾದೆ ಅಂತ ಹೇಳಿಬಿಡಮ್ಮ. ನನಗೂ ಗೊತ್ತಿರಲಿಲ್ಲ ಅನ್ನು. ನಿನ್ನ ಕೆಲಸ ಹೇಗೂ ಹೋಯ್ತು. ಉಳಿದವರನ್ನ ಯಾರೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ."

"ನನ್ನ ನಾದಿನಿ?" ಅಂದಳು ಅವಳೂ ತುಟಿಯಲ್ಲೇ.

"ಅವಳಿಗೆ ಏನೂ ಆಗಲ್ಲ. ನನ್ನ ಮಾತು."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಕಾಣಲಿಲ್ಲ. ಆಗ ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ.

"ಏನಂತೆ?" ಅಂದ ಗಂಡ, ಅವನು ಹೋದ ಮೇಲೆ.

"ತಂಗಿ ಕೆಲಸಕ್ಕೆ ತೊಂದರೆ ಇಲ್ಲವಂತೆ" ಅಂದಳು. ಬೀದಿಗೆಲ್ಲ ಕೇಳಿಸಿತು.

ವಿಚಾರಣೆಯಲ್ಲಿ ಅವಳು ಹೇಳಿಕೊಟ್ಟ ಹಾಗೇ ಹೇಳಿದಳು. ಮೋಸ ಮಾಡಿದವಳು ನಾನೊಬ್ಬಳೇ. ಸಾಹೇಬರಿಗೆ ಗೊತ್ತಿರಲಿಲ್ಲ. ಬೇರೆಯವರಿಗೆಲ್ಲ ಕಿವಿ ಚೆನ್ನಾಗಿದೆ. ಅಧ್ಯಕ್ಷರು ತಲೆದೂಗಿ ಕೇಳಿದರು. ಮರುವಾರವೇ ಆದೇಶ ಬಂತು: ಆ ತಂಡದ ಎಲ್ಲ ಹೆಂಗಸರಿಗೂ ಮರುಪರೀಕ್ಷೆ, ಡಂಗುರದಕ್ಕನೂ ಸೇರಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದರಲ್ಲಿ ನಗರಸಭೆಯನ್ನು ಮೀರಿಸುವವರಿಲ್ಲ.

"ಅಧ್ಯಕ್ಷರು ಒಪ್ಪಲಿಲ್ಲಮ್ಮ" ಅಂದ ಸಾಹೇಬ ಸಭಾಂಗಣದ ಬಾಗಿಲಲ್ಲಿ. ಈ ಸಲ ದನಿ ತೆಗೆದು ಹೇಳಿದ ಅಂತ ಕಾಣುತ್ತದೆ, ಹಿಂದಿದ್ದ ಜವಾನ ತಲೆ ತಗ್ಗಿಸಿದ. "ಬರೀ ಶಾಸ್ತ್ರಕ್ಕೆ ಅಷ್ಟೇ. ಹೆದರಬೇಡಿ."

ಅವಳಿಗೆ ಅವನ ಕೊರಳಪಟ್ಟಿ ಹಿಡಿದು, ನನ್ನ ಮಾನ ಮಾರಿಕೊಂಡೆನಲ್ಲ, ಅದಕ್ಕೆ ಏನು ಕೊಟ್ಟೆ ಅಂತ ಕೇಳಬೇಕು ಅನ್ನಿಸಿತು. ಕೇಳಿ ಏನು? ತುಟಿಯಲ್ಲಿ ಕೊಟ್ಟ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಸದಸ್ಯರ ಕುರ್ಚಿಗಳನ್ನು ಬದಿಗೆ ಸರಿಸಿದ್ದರು. ಅಧ್ಯಕ್ಷರು, ಆಸ್ಪತ್ರೆಯ ಡಾಕ್ಟರು ಮೇಜಿನ ಹಿಂದೆ ಕೂತಿದ್ದರು. ಮೇಜಿನ ಮೇಲೆ ಹಿತ್ತಾಳೆಯ ದೊಡ್ಡ ಕೈಗಂಟೆ ಇತ್ತು. ಸಭೆಯಲ್ಲಿ ಸದಸ್ಯರು ಒಬ್ಬರ ಮೇಲೊಬ್ಬರು ಬಿದ್ದಾಗ ಬಾರಿಸಿ ಬಾಯಿ ಮುಚ್ಚಿಸುವುದಕ್ಕೆ ಇಟ್ಟದ್ದು. ಎಲ್ಲರೂ ಗೋಡೆಯ ಕಡೆ ಮುಖ ಮಾಡಿ, ಒಬ್ಬರಿಗೊಬ್ಬರು ಕೈ ತಾಗದಷ್ಟು ದೂರ ನಿಲ್ಲಬೇಕು. ಗಂಟೆ ಕೇಳಿದವರು ಬಲಗೈ ಎತ್ತಬೇಕು. ಅಷ್ಟೇ. ತಿರುಗುವ ಮೊದಲು ನಾದಿನಿ ತುಟಿ ಆಡಿಸಿದಳು. "ಗೋಡೆಗೂ ಕಿವಿ ಇರುತ್ತಂತೆ ಅತ್ತಿಗೆ. ಇವತ್ತೊಂದು ದಿನ ನಮಗೆ ಕಡ ಕೊಟ್ಟರೆ ಆಗ್ತಿತ್ತು." ಸಾಲಿನ ಹೆಂಗಸರೆಲ್ಲ ನಕ್ಕರು. ಮೇಜಿನ ಹಿಂದಿದ್ದವರಿಗೆ ಯಾಕೆ ಅಂತ ತಿಳಿಯಲಿಲ್ಲ.

ಡಂಗುರದಕ್ಕ ಗೋಡೆ ನೋಡುತ್ತ ನಿಂತಳು. ಸುಣ್ಣ ಚಕ್ಕೆ ಎದ್ದಿತ್ತು. ಮೊಳೆ ಕಿತ್ತ ತೂತಿನಿಂದ ಇರುವೆಯೊಂದು ಹೊರಗೆ ಬಂತು. ಅವಳ ಕೆಲಸ ಹೋಗಿಯಾಗಿತ್ತು, ಅವಳಿಗೆ ಗಂಟೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ನಾದಿನಿಗೊಂದು ಕೇಳಿಸಲಿ. ಅವಳು ಚಿಕ್ಕವಳು, ನನಗಿಂತ ತಡವಾಗಿ ಶೆಡ್ಡಿಗೆ ಬಂದವಳು, ಅವಳ ಕಿವಿಯಲ್ಲಿ ಇನ್ನೂ ಒಂದಿಷ್ಟು ಉಳಿದಿರಬಹುದು. ಮನೆಯಲ್ಲಿ ಒಲೆ ಉರಿಯಬೇಕಾದರೆ ಇನ್ನು ಆ ಒಂದಿಷ್ಟರಿಂದಲೇ ಉರಿಯಬೇಕು.

ಇವರು ಯಾಕೆ ಇನ್ನೂ ಶುರು ಮಾಡಲಿಲ್ಲ? ದೊಡ್ಡವರ ಟೀ ಮುಗಿದಿಲ್ಲವೇನೋ. ಇರುವೆ ತೂತಿನ ಸುತ್ತ ಒಂದು ಸುತ್ತು ಹಾಕಿ ಒಳಗೆ ಹೋಯಿತು. ಮೇಸ್ತ್ರಿಯೂ ಹೀಗೇ ಕಾದನಲ್ಲ, ನನ್ನ ಬೆನ್ನು ನೋಡುತ್ತ. ಬೆನ್ನಿಗೂ ಎರಡು ಕಣ್ಣು ಕೊಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು? ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಗಂಟೆ ಕೇಳಿಸಿತು ಅಂದುಕೊಂಡಾರು ಅಂತ ಸುಮ್ಮನಿದ್ದಳು.

ಕೊನೆಗೆ, ಇಷ್ಟು ವರ್ಷದ ಅಭ್ಯಾಸ, ಕತ್ತು ತಾನಾಗಿಯೇ ತಿರುಗಿತು.

ಜವಾನ ಸಭಾಂಗಣದ ನಡುವೆ ನಿಂತು ಎರಡೂ ಕೈಯಲ್ಲಿ ಗಂಟೆ ಹಿಡಿದು ಬಾರಿಸುತ್ತಿದ್ದ. ಆಗಿನಿಂದಲೂ ಬಾರಿಸುತ್ತಲೇ ಇದ್ದ ಅಂತ ಅವನ ಹಣೆಯ ಬೆವರು ಹೇಳುತ್ತಿತ್ತು. ಅವನ ಮುಖ ಅಳುವವನ ಮುಖದ ಹಾಗಿತ್ತು. ಅಧ್ಯಕ್ಷರು ಎರಡೂ ಕಿವಿಯಲ್ಲಿ ಬೆರಳು ಇಟ್ಟುಕೊಂಡಿದ್ದರು. ಸಾಹೇಬ ಕಿಟಕಿಯ ಹತ್ತಿರ ನಿಂತು ಬೀದಿ ನೋಡುತ್ತಿದ್ದ. ಸಾಲಿನಲ್ಲಿ ಒಬ್ಬಳೂ ಕೈ ಎತ್ತಿರಲಿಲ್ಲ. ಎಲ್ಲರೂ ತಲೆ ನೆಟ್ಟಗೆ ಇಟ್ಟುಕೊಂಡು, ಮಕ್ಕಳ ಹಾಗೆ ಶಿಸ್ತಿನಿಂದ, ಪರೀಕ್ಷೆ ಶುರುವಾಗುವುದನ್ನೇ ಕಾಯುತ್ತಿದ್ದರು.

ಆಗ ನಾದಿನಿಯ ಕತ್ತೂ ತಿರುಗಿತು. ಅವಳೂ ಅದೇ ಮೇಸ್ತ್ರಿಯ ಕೈಕೆಳಗೆ ಪಳಗಿದವಳು. ಅವಳು ಹಿಂದೆ ನೋಡಲಿಲ್ಲ, ಮೊದಲು ಅತ್ತಿಗೆಯ ಮುಖ ನೋಡಿದಳು. ತುಟಿ ಕೇಳಿತು:

"ಶುರುವಾಯ್ತಾ ಅತ್ತಿಗೆ?"

ಹೂಂ ಅಂದಿದ್ದರೆ ನಾದಿನಿಯ ಕೈ ಮೇಲೇಳುತ್ತಿತ್ತು, ಕೆಲಸ ಉಳಿಯುತ್ತಿತ್ತು; ಆದರೆ ಡಂಗುರದಕ್ಕನ ಕಣ್ಣಮುಂದೆ ಎದ್ದದ್ದು ಮೇಸ್ತ್ರಿಯ ಕೈ. ಅವಳು ಮುಖದ ಒಂದು ಗೆರೆಯೂ ಅಲುಗದ ಹಾಗೆ ನೋಡಿಕೊಂಡು, "ಇನ್ನೂ ಇಲ್ಲ" ಅಂತ ತುಟಿ ಆಡಿಸಿ, ಗೋಡೆಯ ಕಡೆ ತಿರುಗಿ ನಿಂತಳು.